ವಿಶಾಲ ಮನೆ ಮಾರಾಟಕ್ಕಿದೆ

ನಮ್ಮ ಕುಟುಂಬದ ವಾಟ್ಸಾಪ್ ಗುಂಪಿನಲ್ಲಿ ಬರುವುದು ಶುಭೋದಯ, ಹುಟ್ಟುಹಬ್ಬದ ಕೇಕು, ಯಾರದೋ ಮೊಣಕಾಲಿನ ಎಕ್ಸ್‌ರೇ, ಇಷ್ಟೆ. ಹೋದ ದೀಪಾವಳಿ ಕಳೆದು ಒಂದು ವಾರಕ್ಕೆ ಅದರಲ್ಲಿ ಅಜ್ಜಿಮನೆಯ ಫೋಟೊ ಬಂತು. ಅಂಗಳದ ಹುಲ್ಲು ಕೀಳಿಸಿ, ಕಂಬಗಳಿಗೆ ಬಣ್ಣ ಬಳಿಸಿ, ಮಧ್ಯಾಹ್ನದ ಬಿಸಿಲಿನಲ್ಲಿ ತೆಗೆದ ಫೋಟೊ. ಮಾವನ ಮಗ ಅದರ ಕೆಳಗೆ ಬ್ರೋಕರ್ ಹೇಳಿಕೊಟ್ಟದ್ದನ್ನು ಟೈಪ್ ಮಾಡಿದ್ದ: "ವಿಶಾಲ ಮನೆ ಮಾರಾಟಕ್ಕಿದೆ. ಸೋಮೇಶ್ವರ–ಉಚ್ಚಿಲ ಕಡೆ. ಕಡಲಿಗೆ ಕೇವಲ 400 ಮೀಟರ್. 38 ಸೆಂಟ್ಸ್. 7 ಬೆಡ್‌ರೂಂ, ದೊಡ್ಡ ಸಿಟ್‌ಔಟ್, ಪೂಜಾ ರೂಂ, ಬತ್ತದ ಬಾವಿ, ಫಲ ಬರುವ 22 ತೆಂಗು. ಕ್ಲಿಯರ್ ಟೈಟಲ್. ಹೋಂಸ್ಟೇ, ಹಾಸ್ಟೆಲಿಗೆ ಸೂಕ್ತ."

ಎಲ್ಲರೂ ಕೈಮುಗಿದ ಚಿತ್ರ ಹಾಕಿದರು. ಮುಂಬಯಿಯ ಚಿಕ್ಕಮ್ಮ ಅಳುವ ಮುಖ ಹಾಕಿದಳು. ನಾನು ಏನೂ ಹಾಕದೆ ಆ ಜಾಹೀರಾತನ್ನು ನಾಲ್ಕೈದು ಸಲ ಓದಿದೆ. ಬ್ಯಾಂಕಿನಲ್ಲಿ ಮೂವತ್ತಮೂರು ವರ್ಷ ಸಾಲದ ಅರ್ಜಿಗಳನ್ನು ಓದಿದವಳು ನಾನು. ಕಾಗದದಲ್ಲಿ ಇರುವುದಕ್ಕಿಂತ ಇಲ್ಲದ್ದನ್ನು ಮೊದಲು ಹುಡುಕುವುದು ಅಭ್ಯಾಸವಾಗಿಹೋಗಿದೆ.

ಏಳು ಬೆಡ್‌ರೂಮು ಎಂದು ಲೆಕ್ಕ ಹಾಕಿದವರು ಗೋಡೆಗಳನ್ನು ಎಣಿಸಿದ್ದಾರೆ, ಅಷ್ಟೆ. ನಮ್ಮಲ್ಲಿ ಮಲಗುವ ಕೋಣೆ ಎಂಬ ಮಾತೇ ಇರಲಿಲ್ಲ. ದೈವದ ಕೋಣೆ ಇತ್ತು, ಬಾಣಂತಿ ಕೋಣೆ ಇತ್ತು, ಅಕ್ಕಿ ಮುಡಿ ಇಡುವ ಕೋಣೆ ಇತ್ತು, ಅಜ್ಜನ ಆಫೀಸು ಕೋಣೆ ಇತ್ತು. ಮತ್ತೆ ಎಲೆ ಕೋಣೆ, ಹೊಗೆಸೊಪ್ಪಿನ ಕೋಣೆ. ಏಳನೆಯದು ಯಾವುದೆಂದು ನನಗೆ ಇವತ್ತಿಗೂ ಗೊತ್ತಾಗಿಲ್ಲ. ಬಚ್ಚಲಿಗೆ ಹೋಗುವ ದಾರಿಯಲ್ಲಿ ಹಂಡೆಗೆ ಬೇಕಾದ ಮಡಲು, ಸಿಪ್ಪೆ ರಾಶಿ ಹಾಕುತ್ತಿದ್ದ ಮೂಲೆಗೆ ಆಮೇಲೆ ಒಂದು ಬಾಗಿಲಿಟ್ಟರು. ಬಹುಶಃ ಅದೇ ಇರಬೇಕು.

ಎಲೆ ಕೋಣೆ ಎಂದರೆ ಹೊರಗಿನವರು ಬಾಳೆಲೆಯೋ ವೀಳ್ಯದೆಲೆಯೋ ಎಂದುಕೊಳ್ಳುತ್ತಾರೆ. ಅಲ್ಲಿದ್ದದ್ದು ಬೀಡಿ ಎಲೆ. ನಮ್ಮ ಅಜ್ಜಿಮನೆ ಒಂದು ಬೀಡಿ ಬ್ರಾಂಚ್. ಊರವರು "ಬ್ರಾಂಚಿನ ಮನೆ" ಎಂದೇ ಕರೆಯುತ್ತಿದ್ದರು. ಜಾಹೀರಾತಿನಲ್ಲಿ ಅದು ಇರಲಿಲ್ಲ.

ಆ ಮನೆಯನ್ನು ಅಜ್ಜ ಕಟ್ಟಿಸಿದ್ದು 1953ರಲ್ಲಿ. ಕೆಂಪುಕಲ್ಲಿನ ಗೋಡೆ, ಮಂಗಳೂರು ಹಂಚಿನ ಮಾಡು, ಹಲಸಿನ ಬಾಗಿಲು, ಕೈ ಊರಿದರೆ ತಣ್ಣಗಾಗುವ ಕಾವಿ ನೆಲ. ಹಂಚುಗಳಲ್ಲಿ ಕೆಲವು ಹಳೆಯವು, ಯಾವುದೋ ಕೆಡವಿದ ಮನೆಯಿಂದ ತಂದದ್ದು. ಅವುಗಳ ಹೊಟ್ಟೆಯ ಮೇಲೆ ಬಾಸೆಲ್ ಮಿಷನ್ ಎಂದೂ 1865 ಎಂದೂ ಇಂಗ್ಲಿಷಿನಲ್ಲಿ ಒತ್ತಿದ ಅಚ್ಚು ಇತ್ತು. ಅಟ್ಟದಲ್ಲಿ ಅಂಗಾತ ಮಲಗಿ ಆ ಅಂಕಿಯನ್ನು ಓದಿಕೊಳ್ಳುತ್ತ ಮನೆಗೆ ನೂರು ವರ್ಷ ಆಗಿದೆ ಎಂದು ನಾನು ಶಾಲೆಯಲ್ಲಿ ಜಂಬ ಕೊಚ್ಚಿದ್ದುಂಟು. 1865 ಮಿಷನಿನವರು ಮಂಗಳೂರಿನಲ್ಲಿ ಹಂಚಿನ ಕಾರ್ಖಾನೆ ಶುರು ಮಾಡಿದ ಇಸವಿ, ನಮ್ಮ ಮನೆಯದ್ದಲ್ಲ ಎಂದು ತಿಳಿಯುವಾಗ ಕಾಲೇಜು ಮುಗಿದಿತ್ತು.

ಜಾಗದ ಕಾಗದಪತ್ರ ಮೊದಲಿನಿಂದಲೂ ಅಜ್ಜಿಯ ಹೆಸರಿನಲ್ಲಿತ್ತು. ಇದನ್ನು ಕೇಳಿದ ಬೆಂಗಳೂರಿನ ಗೆಳತಿಯರು "ಆ ಕಾಲಕ್ಕೇ ಎಷ್ಟು ಮುಂದುವರಿದವರು!" ಎನ್ನುತ್ತಾರೆ. ನಮ್ಮದು ಅಳಿಯಕಟ್ಟು. ಅಜ್ಜ ತನ್ನ ಹೆಸರಿನಲ್ಲಿ ಇಟ್ಟುಕೊಂಡರೆ ಅಕ್ಕತಂಗಿಯರ ಮಕ್ಕಳು ಬಂದು ಪಾಲು ಕೇಳಿಯಾರು, ತನ್ನ ಸ್ವಂತ ಮಕ್ಕಳು ಬೀದಿಗೆ ಬಿದ್ದಾರು ಎಂಬ ಹೆದರಿಕೆ. ಹಿಂದೂ ಉತ್ತರಾಧಿಕಾರ ಕಾಯಿದೆ ಬಂದದ್ದು ಆಮೇಲೆ, 1956ರಲ್ಲಿ. ಹಾಗಾಗಿ ಮನೆ ಅಜ್ಜಿಯದು, ಪೆಟ್ಟಿಗೆಯ ಬೀಗದ ಕೈ ಅಜ್ಜನದು. ತನ್ನ ಹೆಸರಿನ ಏಳು ಕೋಣೆಗಳಲ್ಲಿ ಒಂದರಲ್ಲೂ ಅಜ್ಜಿ ಮಲಗಿದ್ದನ್ನು ನಾನು ಕಂಡಿಲ್ಲ. ಅಡುಗೆಮನೆಗೂ ನಡುಮನೆಗೂ ಮಧ್ಯದ ಹೊಸ್ತಿಲ ಪಕ್ಕದಲ್ಲಿ ಒಂದು ಚಾಪೆ, ತಲೆಯ ಕಡೆ ಒಂದು ಮಣೆ, ಅಷ್ಟು ಅವಳ ಜಾಗ. ರಾತ್ರಿ ಬಚ್ಚಲಿಗೆ ಹೋಗುವವರೆಲ್ಲ ಅವಳ ಕಾಲು ದಾಟಿಯೇ ಹೋಗಬೇಕಿತ್ತು. ಅವಳು ಕಾಲು ಮಡಿಸಿಕೊಳ್ಳುತ್ತಿದ್ದಳು.

ಬ್ರಾಂಚು ಎಂದರೇನೆಂದು ಈಗಿನ ಮಕ್ಕಳಿಗೆ ಹೇಳಬೇಕು. ಮಂಗಳೂರಿನ ಬೀಡಿ ಕಂಪನಿಗಳಿಗೆ ಹೇಳಿಕೊಳ್ಳುವಂಥ ಕಾರ್ಖಾನೆ ಬೇಕಿರಲಿಲ್ಲ. ಎಲೆ, ಹೊಗೆಸೊಪ್ಪಿನ ಪುಡಿ, ನೂಲು, ಇಷ್ಟನ್ನು ತೂಕ ಮಾಡಿ ಗುತ್ತಿಗೆದಾರನಿಗೆ ಕೊಟ್ಟರಾಯಿತು. ಅವನು ಅದನ್ನು ಹೆಂಗಸರಿಗೆ ಹಂಚುತ್ತಾನೆ. ಅವರು ಮನೆಗೆ ಒಯ್ದು ಎಲೆ ನೆನೆಸಿ, ತಗಡಿನ ಅಳತೆ ಇಟ್ಟು ಕತ್ತರಿಸಿ, ತಡ್ಪೆಯನ್ನು, ಎಂದರೆ ಮೊರವನ್ನು, ಮಡಿಲಲ್ಲಿಟ್ಟುಕೊಂಡು ಕಟ್ಟುತ್ತಾರೆ. ಇಪ್ಪತ್ತೈದಕ್ಕೆ ಒಂದು ಕಟ್ಟು, ನಲವತ್ತು ಕಟ್ಟಿಗೆ ಒಂದು ಸಾವಿರ. ಮಜೂರಿ ಸಾವಿರದ ಲೆಕ್ಕದಲ್ಲಿ. ದೀಪ, ಚಿಮಣಿ ಎಣ್ಣೆ, ಕೂರುವ ಜಾಗ, ಕತ್ತರಿ ಎಲ್ಲವೂ ಅವರದೇ. ಬೀಡಿ ಕೆಲಸಗಾರರಿಗೆಂದು 1966ರಲ್ಲಿ ಕೇಂದ್ರ ಸರ್ಕಾರ ಒಂದು ಕಾಯಿದೆ ಮಾಡಿತು. ಅದನ್ನು ಕೇರಳದಲ್ಲಿ ಜಾರಿಗೆ ತರಲು ಹೊರಟಾಗ ಮಂಗಳೂರಿನ ಕಂಪನಿಯವರು 1968ರಲ್ಲಿ ಕಣ್ಣೂರು ಕಡೆಯ ಬ್ರಾಂಚುಗಳನ್ನೇ ಮುಚ್ಚಿ ಬಂದರು. ಕೆಲಸ ಕಳೆದುಕೊಂಡವರು ಅಲ್ಲಿ 1969ರಲ್ಲಿ ದಿನೇಶ್ ಬೀಡಿ ಎಂಬ ಸಹಕಾರ ಸಂಘ ಕಟ್ಟಿಕೊಂಡರು. ನಮ್ಮ ಕಡೆ ಅಂಥದ್ದೇನೂ ಆಗಲಿಲ್ಲ. ನಮ್ಮಲ್ಲಿ ಮನೆಮನೆಯ ತಡ್ಪೆಗಳು ಹೆಚ್ಚಾದವು, ಅಜ್ಜನ ಬ್ರಾಂಚಿಗೆ ಒಂದು ಕೋಣೆ ಸಾಲದೆ ಎರಡಾಯಿತು.

ಬುಧವಾರ ಮತ್ತು ಶನಿವಾರ ಬೀಡಿ ಕೊಡುವ ದಿನ. ಮೂರು ಗಂಟೆಯ ಹೊತ್ತಿಗೆ ತಲೆಯ ಮೇಲೆ ಬುಟ್ಟಿ ಇಟ್ಟುಕೊಂಡು ಹೆಂಗಸರು ಬರಲು ಶುರು. ಆ "ದೊಡ್ಡ ಸಿಟ್‌ಔಟ್" ಆಗ ತುಂಬುತ್ತಿತ್ತು ಎಂದು ಬರೆಯಲು ಹೊರಟೆ, ಅದು ಸುಳ್ಳು. ಚಾವಡಿ ಯಾವತ್ತೂ ತುಂಬಿರಲಿಲ್ಲ. ನಮ್ಮ ಜಾತಿಯವರು ಜಗಲಿಯ ತನಕ. ಕಡಲ ಬದಿಯ ಮೊಗವೀರರು, ಬ್ಯಾರಿ ಹೆಂಗಸರು, ಕಿರಿಸ್ತಾನರು ಮೆಟ್ಟಿಲ ತನಕ. ಇನ್ನು ಕೆಲವರು ಅಂಗಳದ ಆಚೆ ಬದಿಯ ತೆಂಗಿನ ಬುಡದಲ್ಲೇ ನಿಂತು, ಬುಟ್ಟಿಯನ್ನು ನೆಲದಲ್ಲಿಟ್ಟು ಎರಡು ಹೆಜ್ಜೆ ಹಿಂದೆ ಸರಿಯುತ್ತಿದ್ದರು. ನಾನು ಓಡಿಹೋಗಿ ಅದನ್ನು ಎತ್ತಿ ತರುತ್ತಿದ್ದೆ. ಬುಟ್ಟಿ ತರಬಹುದಿತ್ತು, ಅವರನ್ನು ಮುಟ್ಟಬಾರದಿತ್ತು. ಒಳಗೆ ಬಂದ ಮೇಲೆ ಎಲ್ಲರ ಬೀಡಿಯೂ ಒಂದೇ ಪೆಟ್ಟಿಗೆಗೆ ಬೀಳುತ್ತಿತ್ತು. ತೆಂಗಿನ ಬುಡದವಳು ಉಗುರಿನಿಂದ ಮಡಚಿದ ಬೀಡಿಯನ್ನು ಯಾವ ಊರಿನ ಯಾವ ಜಾತಿಯವನು ತುಟಿಗಿಟ್ಟುಕೊಂಡನೋ ಯಾರಿಗೆ ಗೊತ್ತು.

ನನ್ನ ಕೆಲಸ ಬುಟ್ಟಿ ತರುವುದಷ್ಟೇ ಆಗಿರಲಿಲ್ಲ. ಅಪ್ಪ ಮುಂಬಯಿ ಹೋಟೆಲಿನಲ್ಲಿದ್ದ, ಅಮ್ಮ ಮತ್ತು ನಾನು ಅಜ್ಜಿಮನೆಯಲ್ಲಿ. ನಾಲ್ಕನೆಯ ಕ್ಲಾಸಿನಲ್ಲಿದ್ದಾಗಲೇ ಅಜ್ಜ ನನ್ನ ಕೈಬೆರಳುಗಳನ್ನು ನೋಡಿ, "ಇವಳದ್ದು ಒಳ್ಳೆ ಕೈ ಉಂಟು" ಎಂದು ತನ್ನ ಪಕ್ಕ ಕೂರಿಸಿಕೊಂಡ. ಬೀಡಿ ಪರೀಕ್ಷೆ ಮಾಡುವುದನ್ನು ಕಲಿಸಿದ. ಕಟ್ಟನ್ನು ಎಡಗೈಯಲ್ಲಿ ಹಿಡಿಯಬೇಕು. ಬಲಗೈಯ ಹೆಬ್ಬೆರಳನ್ನು ಇಪ್ಪತ್ತೈದು ತಲೆಗಳ ಮೇಲೆ ಒಮ್ಮೆ ಓಡಿಸಬೇಕು. ಎಲ್ಲಿ ಮಡಿಕೆ ಸಡಿಲ, ಎಲ್ಲಿ ಹೊಟ್ಟೆ ಪೊಳ್ಳು, ಎಲ್ಲಿ ಒಂದು ಕಡಿಮೆ, ಎಲ್ಲವನ್ನೂ ಹೆಬ್ಬೆರಳೇ ಹೇಳುತ್ತದೆ. "ಕಣ್ಣಿನಲ್ಲಿ ನೋಡಬೇಡ ಮಗಾ, ಕಣ್ಣಿಗೆ ಮುಖ ಕಾಣ್ತದೆ" ಎನ್ನುತ್ತಿದ್ದ ಅಜ್ಜ. ನಾವು ಮಾತಾಡುವುದು ತುಳು. ಇಲ್ಲಿ ಬರೆಯುವಾಗ ಕನ್ನಡವಾಗಿದೆ, ಅಷ್ಟೆ.

ಒಂದು ವರ್ಷದೊಳಗೆ ನಾನು ಮಾವನಿಗಿಂತ ಚುರುಕಾದೆ. ಮುಂದೆ ಬ್ಯಾಂಕಿನ ಕ್ಯಾಶ್ ಕೌಂಟರಿನಲ್ಲಿ ನೋಟು ಎಣಿಸುವಾಗ ಮೇನೇಜರು "ಇಷ್ಟು ಸ್ಪೀಡು ಎಲ್ಲಿ ಕಲಿತದ್ದು?" ಎಂದು ಕೇಳಿದರೆ ನಕ್ಕು ಸುಮ್ಮನಾಗುತ್ತಿದ್ದೆ.

ಸರಿಯಿಲ್ಲದ ಕಟ್ಟನ್ನು ಬದಿಗೆಸೆಯುವುದು ನನಗೆ ತುಂಬ ಇಷ್ಟದ ಕೆಲಸ. ಅದು ಮಣೆಯ ಮೇಲೆ ಬಿದ್ದಾಗ ಆಗುವ ಟಪ್ ಎಂಬ ಸದ್ದಿಗೆ ಮೆಟ್ಟಿಲ ಮೇಲಿನ ಮಾತು ಒಂದು ಕ್ಷಣ ನಿಲ್ಲುತ್ತಿತ್ತು. ಹತ್ತು ವರ್ಷದ ಹುಡುಗಿಗೆ ಇಷ್ಟು ಹೆಂಗಸರ ಮಾತನ್ನು ನಿಲ್ಲಿಸುವ ಸೌಭಾಗ್ಯ ಬೇರೆಲ್ಲಿ ಸಿಗುತ್ತದೆ? ಎಷ್ಟು ಎಸೆಯಬೇಕೆಂಬುದಕ್ಕೂ ಒಂದು ಲೆಕ್ಕವಿತ್ತು. ಸಾವಿರಕ್ಕೆ ಎರಡು ಕಟ್ಟು. ಬೀಡಿ ಹೇಗೇ ಇರಲಿ, ಎರಡು. ಮಳೆಗಾಲದಲ್ಲಿ ಎಲೆ ಬೂಸ್ಟು ಹಿಡಿಯುತ್ತದೆ, ಪುಡಿ ತಂಡಿಯಾಗುತ್ತದೆ, ಆಗ ಮೂರು ನಾಲ್ಕಾದರೂ ಯಾರೂ ಏನೂ ಹೇಳುವಂತಿಲ್ಲ. ಎಸೆದ ಕಟ್ಟನ್ನು ವಾಪಸು ಕೊಡುವ ಕ್ರಮ ಇರಲಿಲ್ಲ. ಅದಕ್ಕೆ ಮಜೂರಿಯೂ ಇಲ್ಲ. ಅವು ಸಂಜೆ ಮಲಬಾರ್ ಎಕ್ಸ್‌ಪ್ರೆಸ್ ಹೋದ ಸದ್ದು ಕೇಳಿದ ಮೇಲೆ ಒಂದು ಗೋಣಿಯಲ್ಲಿ ಅಟ್ಟ ಹತ್ತುತ್ತಿದ್ದವು.

ಅಟ್ಟದಲ್ಲಿ ದೊಡ್ಡಮ್ಮ ಇದ್ದಳು. ಮದುವೆಯಾಗಿ ಎರಡು ವರ್ಷಕ್ಕೆ ಗಂಡ ತೀರಿಹೋಗಿ ಮರಳಿ ಬಂದವಳು. ಅವಳ ಟ್ರಂಕು ಅಟ್ಟದ ಏಣಿಯ ಕೆಳಗೆ, ಅವಳ ಹಗಲು ಅಟ್ಟದ ಮೇಲೆ. ಹಂಚಿನ ಸಂದಿಗೆ ಹಾಕಿದ ಒಂದು ಕನ್ನಡಿ ಹಂಚಿನಿಂದ ಬೀಳುವ ಬೆಳಕಿನಲ್ಲಿ ಕೂತು ಅವಳು ನಾನು ಎಸೆದ ಕಟ್ಟುಗಳನ್ನು ಬಿಚ್ಚಿ, ಸಡಿಲವಾದ ಒಂದೆರಡನ್ನು ಸರಿಮಾಡಿ ಮತ್ತೆ ಕಟ್ಟುತ್ತಿದ್ದಳು. ಹೆಚ್ಚಿನವು ಸರಿಯೇ ಇರುತ್ತಿದ್ದವು. ನಲವತ್ತು ಕಟ್ಟಾದರೆ ಅದೊಂದು ಸಾವಿರ. ಅದನ್ನು ಅಜ್ಜ ಕಂಪನಿಗೆ ಬೇರೆ ಯಾವುದೋ ಹೆಸರಿನಲ್ಲಿ ತೋರಿಸುತ್ತಿದ್ದ. ಮನೆಯೊಳಗೆ ಅದಕ್ಕೆ "ಅಟ್ಟದ ಸಾವಿರ" ಎಂದು ಹೆಸರು. ಅಟ್ಟದ ಸಾವಿರದಿಂದ ಬಂದದ್ದು ಅಟ್ಟದ ದುಡ್ಡು. ಹಿಂಬದಿಯ ಎರಡು ಕೋಣೆ ಕಟ್ಟಿಸಿದ್ದು, ಬಾವಿಗೆ ಪಂಪು ಹಾಕಿಸಿದ್ದು, ಚಿಕ್ಕಮ್ಮನ ಮದುವೆಗೆ ಕರಿಮಣಿ ಮಾಡಿಸಿದ್ದು ಅಟ್ಟದ ದುಡ್ಡಿನಿಂದ. ಮಂಗಳೂರಿನ ಕಾಲೇಜಿನಲ್ಲಿ ನನ್ನ ಮೂರು ವರ್ಷದ ಬಿ.ಕಾಂ. ಫೀಸೂ ಅದರದ್ದೇ. ಇದನ್ನು ಯಾರೂ ಗುಟ್ಟು ಮಾಡಿರಲಿಲ್ಲ. ಊಟದ ಹೊತ್ತಿಗೆ ಬಂಗುಡೆ ಸಾರಿನ ಜೊತೆ ಬಡಿಸುವ ಮಾತಾಗಿತ್ತು ಅದು.

ನನಗೆ ಆಗ ಇದರಲ್ಲಿ ತಪ್ಪು ಕಂಡಿತ್ತೇ? ಇಲ್ಲ. ಕಂಡಿತ್ತು ಎಂದು ಈಗ ಬರೆದರೆ ನಾನು ಒಳ್ಳೆಯವಳಾಗಿ ಕಾಣುತ್ತೇನೆ, ಆದರೆ ಕಂಡಿರಲಿಲ್ಲ. ದೊಡ್ಡಮ್ಮನ ಪಕ್ಕ ಕೂತು ನೂಲು ತುಂಡು ಮಾಡಿ ಕೊಡುತ್ತಿದ್ದೆ. ಅಟ್ಟದಲ್ಲಿ ಮಾವಿನ ಹಣ್ಣು ಹುಲ್ಲಿನಲ್ಲಿ ಹಣ್ಣಾಗಲು ಇಟ್ಟಿರುತ್ತಿದ್ದರು, ಹೊಗೆಸೊಪ್ಪಿನ ಘಾಟಿನ ಜೊತೆ ಆ ಪರಿಮಳ ಸೇರಿ ತಲೆ ತಿರುಗುವಂತಾಗುತ್ತಿತ್ತು. ನನ್ನ ಬಾಲ್ಯದ ಅತ್ಯಂತ ಸುಖದ ನೆನಪು ಅದೇ ಅಟ್ಟ.

1975ರ ಮಳೆಗಾಲ. ನಾನು ಆರನೆಯ ಕ್ಲಾಸು. ಮಳೆಗಾಲದಲ್ಲಿ ಕಡಲಿಗೆ ದೋಣಿ ಇಳಿಯುವುದಿಲ್ಲ. ಕಡಲ ಬದಿಯ ಮನೆಗಳಲ್ಲಿ ಗಂಡಸರ ಸಂಪಾದನೆ ನಿಂತಿರುತ್ತದೆ, ತಡ್ಪೆಯಿಂದಲೇ ಒಲೆ ಉರಿಯಬೇಕು. ಬೀಡಿ ಹಾಳಾಗುವುದೂ, ಕಟ್ಟು ಹೆಚ್ಚು ಎಸೆಯುವುದೂ ಅದೇ ತಿಂಗಳುಗಳಲ್ಲಿ. ಹಾಗೊಂದು ಶನಿವಾರ ಕಡಲ ಬದಿಯ ಒಬ್ಬಳು ಅಕ್ಕ ಬಂದಳು. ಅವಳ ಜೊತೆ ಅವಳ ಮಗಳೂ ಇದ್ದಳು, ನನ್ನದೇ ಕ್ಲಾಸಿನವಳು, ನನ್ನ ಹಿಂದಿನ ಬೆಂಚು. ತಲೆಗೆ ಹಾಕಿಕೊಂಡ ಗೊರಬೆಯಿಂದ ನೀರಿಳಿಯುತ್ತಿತ್ತು. ಬೀಡಿಗೆ ಮಾತ್ರ ನೀರು ತಾಗದ ಹಾಗೆ ಬಾಳೆಲೆಯನ್ನೂ ಬಟ್ಟೆಯನ್ನೂ ಸುತ್ತಿ ತಂದಿದ್ದರು. ನಾನು ಹೆಬ್ಬೆರಳು ಓಡಿಸಿ ನಾಲ್ಕು ಕಟ್ಟು ಎಸೆದೆ. ಅಕ್ಕ ಮೆಟ್ಟಿಲ ಮೇಲಿಂದಲೇ ಬಾಗಿ, ಅಜ್ಜನಿಗೆ ಕೇಳಿಸದ ಹಾಗೆ ನನಗೆ ಹೇಳಿದಳು: "ಅದು ಇವಳು ಕಟ್ಟಿದ್ದು ಬಾಲೇ. ಈಗ ಕಲಿಯುವುದು ಅಷ್ಟೆ. ಒಂದು ಬಿಟ್ಟುಬಿಡು, ಇವಳಿಗೆ ಖುಷಿಯಾಗ್ತದೆ."

ನಾನು ಅಜ್ಜನ ಕಡೆ ನೋಡಿದೆ. ಅಜ್ಜ ಕನ್ನಡಕದ ಮೇಲಿಂದ ನನ್ನನ್ನೇ ನೋಡುತ್ತಿದ್ದ. ನಾನು ಐದನೆಯ ಕಟ್ಟನ್ನು ತೆಗೆದು ಎಸೆದೆ. ಅದರಲ್ಲಿ ತಪ್ಪೇನೂ ಇರಲಿಲ್ಲ.

ಮಾರನೆಯ ಸೋಮವಾರ ಆ ಹುಡುಗಿ ಹಿಂದಿನ ಬೆಂಚಿನಿಂದ ಬೆನ್ನು ತಟ್ಟಿ ರಬ್ಬರ್ ಕೇಳಿದಳು, ಯಾವತ್ತಿನ ಹಾಗೆಯೇ. ಕೊಟ್ಟೆ. ಏಳನೆಯ ಕ್ಲಾಸಿಗೆ ಅವಳು ಬರಲಿಲ್ಲ. ಅದಕ್ಕೂ ನನ್ನ ಐದನೆಯ ಕಟ್ಟಿಗೂ ಗಂಟು ಹಾಕುವುದು ಕತೆಗಾರರ ಚಟ. ಆ ಕಾಲದಲ್ಲಿ ಆ ಬದಿಯಲ್ಲಿ ಏಳನೆಯದಕ್ಕೆ ಹೋಗದ ಹುಡುಗಿಯರು ಎಷ್ಟೋ ಮಂದಿ, ಎಲ್ಲರ ಬೀಡಿಯನ್ನೂ ನಾನೇ ಎಸೆದಿರಲಿಲ್ಲ. ಆದರೂ ಅವಳ ಮುಖ ನೆನಪಿಗೆ ತಂದುಕೊಳ್ಳಲು ಹೊರಟರೆ ಮುಖ ಬರುವುದಿಲ್ಲ, ಆ ಕಟ್ಟಿನ ಇಪ್ಪತ್ತೈದು ತಲೆಗಳು ಬರುತ್ತವೆ. ಎಳೆಯ ಬೆರಳು ಮಡಚಿದ್ದು, ಒಂದೂ ಸಡಿಲವಿಲ್ಲ.

ಅಜ್ಜನನ್ನು ಕೆಟ್ಟವನೆಂದು ಬರೆದು ಕೈತೊಳೆದುಕೊಳ್ಳುವುದು ಸುಲಭ. ಅವನಿಗೂ ಮೇಲೆ ಒಬ್ಬ ಅಜ್ಜ ಇದ್ದ. ಬ್ರಾಂಚಿನ ಬೀಡಿ ಮಂಗಳೂರಿಗೆ ಹೋದಾಗ ಕಂಪನಿಯ ಗೋಡೌನಿನಲ್ಲಿ ಇನ್ನೊಬ್ಬ ಹೆಬ್ಬೆರಳು ಓಡಿಸುತ್ತಿದ್ದ. ಅಲ್ಲಿ ಎಸೆದದ್ದಕ್ಕೆ ಅಜ್ಜನಿಗೂ ಲೆಕ್ಕ ಸಿಗುತ್ತಿರಲಿಲ್ಲ. ಎಲೆಯ ಮೂಟೆಯಲ್ಲಿ ತೂತು ಬಿದ್ದ ಎಲೆ, ಒಡೆದ ಎಲೆ ಬಂದರೆ ಸಾವಿರಕ್ಕೆ ಸಾಲುವುದಿಲ್ಲ. ಕಡಿಮೆ ಬಿದ್ದ ಎಲೆಯನ್ನು ಹೆಂಗಸರು ಸ್ವಂತ ದುಡ್ಡು ಹಾಕಿ ಕೊಂಡುಕೊಳ್ಳಬೇಕು. ಆ ಎಲೆಯನ್ನು ಮಾರುವವರು ಯಾರು? ಕೆಲವು ಸಲ ನಾವೇ. ಅದೇ ಅಜ್ಜ ನಡುರಾತ್ರಿ ಯಾರದೋ ಹೆರಿಗೆ ಕಷ್ಟವಾಯಿತೆಂದು ಕೇಳಿ ತೊಕ್ಕೊಟ್ಟಿನಿಂದ ಬಾಡಿಗೆ ಕಾರು ಕರೆಸಿ, ಸೇತುವೆ ದಾಟಿಸಿ ಆಸ್ಪತ್ರೆಗೆ ಕರೆದುಕೊಂಡು ಹೋಗಿದ್ದ. ಮದುವೆಗೆಂದು ಮುಂಗಡ ಕೊಡುತ್ತಿದ್ದ, ಬಡ್ಡಿ ಹಿಡಿಯುತ್ತಿರಲಿಲ್ಲ. ಮುಂಗಡ ಪಡೆದವರು ಬೇರೆ ಬ್ರಾಂಚಿಗೆ ಹೋಗುವಂತಿರಲಿಲ್ಲ ಎಂಬುದು ಬಡ್ಡಿಗಿಂತ ದೊಡ್ಡ ಬಡ್ಡಿ ಎಂದು ಅರ್ಥವಾಗಲು ನಾನೇ ಸಾಲ ಮಂಜೂರು ಮಾಡುವ ಕುರ್ಚಿಯಲ್ಲಿ ಕೂರಬೇಕಾಯಿತು.

ಅಜ್ಜಿಯನ್ನೂ ಹೊಗಳಿ ಮುಗಿಸುವ ಹಾಗಿಲ್ಲ. ಹಿಂಬಾಗಿಲಿನಲ್ಲಿ ಅವಳು ಬಂದವರಿಗೆಲ್ಲ ಗಂಜಿ, ಒಂದು ತುಂಡು ಉಪ್ಪಿನಕಾಯಿ ಕೊಡುತ್ತಿದ್ದಳು. ಕುಡಿದವರು ಹೋಗುವ ಮೊದಲು ಒಂದಿಷ್ಟು ನೀರು ಸೇದಿಕೊಟ್ಟು, ಅಂಗಳ ಗುಡಿಸಿ ಹೋಗುತ್ತಿದ್ದರು. ಅದನ್ನು ದಾನ ಎಂದು ನಾವು ಹೇಳುತ್ತಿದ್ದೆವು. ಕುಡಿದವರು ಏನು ಹೇಳುತ್ತಿದ್ದರೋ.

ನೌಕರಿಯ ಮೊದಲ ವರ್ಷಗಳಲ್ಲಿ ನಾನು ಬಂಟ್ವಾಳ ಕಡೆಯ ಒಂದು ಶಾಖೆಯಲ್ಲಿದ್ದೆ. 1976ರ ಬೀಡಿ ಕಾರ್ಮಿಕರ ಕಲ್ಯಾಣ ನಿಧಿಯಿಂದ ಮಕ್ಕಳಿಗೆ ವಿದ್ಯಾರ್ಥಿವೇತನ ಬರುತ್ತಿತ್ತು. ಖಾತೆ ತೆರೆಯಲು ತಾಯಂದಿರು ಬೀಡಿ ಕಾರ್ಡು ಹಿಡಿದುಕೊಂಡು ಬರುತ್ತಿದ್ದರು. ಅರ್ಜಿಯಲ್ಲಿ ಹೆಬ್ಬೆಟ್ಟು ಒತ್ತುವಾಗ ಅವರ ಬೆರಳ ತುದಿ ನೋಡುತ್ತಿದ್ದೆ. ಎಲೆ, ಕತ್ತರಿ, ಪುಡಿ ಸೇರಿ ಸವೆದು ಕೆಲವರ ಗೆರೆಗಳೇ ಸರಿಯಾಗಿ ಮೂಡುತ್ತಿರಲಿಲ್ಲ. ಯೂನಿಯನ್ನಿನ ಒಬ್ಬ ಹಿರಿಯರು, ನಮ್ಮ ಶಾಖೆಯ ಗ್ರಾಹಕರು, ಒಮ್ಮೆ ಮಾತಿನ ನಡುವೆ ಚೀಲದಿಂದ ಒಂದು ಪುಸ್ತಿಕೆ ತೆಗೆದು ತೋರಿಸಿದರು. 1966ರ ಕಾಯಿದೆಯ ಕೆಳಗೆ ಮಾಡಿದ ನಿಯಮ. ಸರಿಯಿಲ್ಲವೆಂದು ತಳ್ಳುವ ಬೀಡಿ ಸಾಮಾನ್ಯವಾಗಿ ನೂರಕ್ಕೆ ಐದು ಮೀರಬಾರದು. ಹಾಗೆ ತಳ್ಳಿದ್ದಕ್ಕೂ, ಕೆಲಸದವರ ಬೇಕೆಂದೇ ಮಾಡಿದ ಉದಾಸೀನವಿಲ್ಲದಿದ್ದರೆ, ಅರ್ಧ ಮಜೂರಿ ಕೊಡಬೇಕು.

ನೂರಕ್ಕೆ ಐದು ಎಂದರೆ ಸಾವಿರಕ್ಕೆ ಐವತ್ತು. ಐವತ್ತು ಎಂದರೆ ಎರಡು ಕಟ್ಟು. ಅಜ್ಜನ ಲೆಕ್ಕ ಎಲ್ಲಿಂದ ಬಂದಿತ್ತೆಂದು ಆಗ ಹೊಳೆಯಿತು. ನಿಯಮದ ಮೊದಲ ಸಾಲನ್ನು ಅವನು ಅಕ್ಷರಶಃ ಪಾಲಿಸುತ್ತಿದ್ದ. ಎರಡನೆಯ ಸಾಲು ನಮ್ಮ ಅಟ್ಟದಲ್ಲಿತ್ತು.

ಆ ವಾರ ಊರಿಗೆ ಹೋದಾಗ ಅಜ್ಜನಿಗೆ ಇದನ್ನು ಹೇಳಬೇಕೆಂದುಕೊಂಡಿದ್ದೆ. ಅವನು ಆಗಲೇ ಹಾಸಿಗೆ ಹಿಡಿದಿದ್ದ. ನನ್ನ ಕೈ ಹಿಡಿದು ಬೆರಳುಗಳನ್ನು ನೀವಿದ. ನಾನು ಹೇಳಲಿಲ್ಲ. 1989ರಲ್ಲಿ ಅವನು ಹೋದ. ಮಾವ ಇನ್ನೂ ಹದಿನೈದು ವರ್ಷ ಬ್ರಾಂಚು ನಡೆಸಿದ. ಆಮೇಲೆ ಕಟ್ಟುವವರೇ ಕಡಿಮೆಯಾದರು. ಹೆಂಗಸರು ಗೇರುಬೀಜದ ಫ್ಯಾಕ್ಟರಿಗೆ, ಅವರ ಹೆಣ್ಣುಮಕ್ಕಳು ನರ್ಸಿಂಗಿಗೆ, ಬಟ್ಟೆ ಅಂಗಡಿಗೆ, ಗಂಡುಮಕ್ಕಳು ಗಲ್ಫಿಗೆ. ಬೀಡಿ ಸೇದುವುದು ಒಳ್ಳೆಯದಲ್ಲವೆಂದು ಕಟ್ಟಿನ ಮೇಲೆಯೇ ಚಿತ್ರ ಹಾಕುವ ಕಾಲ ಬಂತು. ಬೀಡಿಯ ದುಡ್ಡಿನಿಂದ ಓದಿದ ಊರು ಬೀಡಿಯ ಮಾತೆತ್ತಿದರೆ ಮುಖ ತಿರುಗಿಸುತ್ತದೆ, ನಾನೂ ಸೇರಿದ ಹಾಗೆ.

ಡಿಸೆಂಬರಿನಲ್ಲಿ ಮನೆ ನೋಡಲು ಗಿರಾಕಿ ಬರುತ್ತಾರೆಂದು ಮಾವನ ಮಗ ಕರೆದ. ರಾತ್ರಿ ಬಸ್ಸಿನಲ್ಲಿ ಹೋಗಿ ಬೆಳಿಗ್ಗೆ ತೊಕ್ಕೊಟ್ಟಿನಲ್ಲಿ ಇಳಿದೆ. ಬಾಡಿಗೆ ಕಾರು ಕರೆಸುತ್ತಿದ್ದ ಜಂಕ್ಷನ್ನಿನ ಮೇಲೆ ಈಗ ಫ್ಲೈಓವರ್. ದೇರಳಕಟ್ಟೆಯ ಕಡೆ ಮೆಡಿಕಲ್ ಕಾಲೇಜುಗಳು ಬಂದ ಮೇಲೆ ಸುತ್ತಲೆಲ್ಲ ಫ್ಲಾಟು, ಹಾಸ್ಟೆಲು, ಪಿಜಿ. ಪಂಚಾಯತು ಹೋಗಿ ಪುರಸಭೆಯಾಗಿದೆ. ನನ್ನನ್ನು ಕರೆದೊಯ್ದ ರಿಕ್ಷಾದ ಹುಡುಗನಿಗೆ "ಬ್ರಾಂಚಿನ ಮನೆ" ಎಂದರೆ ಗೊತ್ತಾಗಲಿಲ್ಲ. "ಯಾವ ಬ್ಯಾಂಕಿನ ಬ್ರಾಂಚು ಅಕ್ಕ?" ಎಂದ.

ಬ್ರೋಕರ್ ಮೊದಲು ಕರೆದುಕೊಂಡು ಹೋದದ್ದು ಮನೆಯೊಳಗಲ್ಲ, ಕಡಲ ಬದಿಗೆ. ನಾನು ಚಿಕ್ಕವಳಿದ್ದಾಗ ಕಡಲಿಗೆ ಹೋಗುವುದೆಂದರೆ ಹೊಯಿಗೆಯಲ್ಲಿ ಕಾಲು ಹೂತು ಹೂತು ನಡೆಯುವ ಒಂದು ಪ್ರಯಾಣ. ದಾರಿಯಲ್ಲಿ ಎರಡು ತೋಟ, ಒಂದು ಬಲೆ ಒಣಗಿಸುವ ಬಯಲು. ಜಾಹೀರಾತಿನ 400 ಮೀಟರಿನಲ್ಲಿ ಸುಳ್ಳಿಲ್ಲ. ಮನೆ ಇದ್ದಲ್ಲೇ ಇದೆ, ಕಡಲೇ ಈ ಕಡೆ ನಡೆದು ಬಂದಿದೆ. ಉಳ್ಳಾಲದಿಂದ ಉಚ್ಚಿಲದ ತನಕ ಪ್ರತಿ ಮಳೆಗಾಲಕ್ಕೂ ಒಂದಿಷ್ಟು ತೆಂಗು, ಒಂದಿಷ್ಟು ರಸ್ತೆ, ಕೆಲವು ಮನೆ ಹೋಗುತ್ತವೆ. ಅಳಿವೆಯ ಬಾಯಲ್ಲಿ ಬಂದರಿಗಾಗಿ ಕಟ್ಟಿದ ತಡೆಗೋಡೆಗಳಿಂದ ಮರಳಿನ ಓಡಾಟ ತಪ್ಪಿತೆಂದು ಹೇಳುವವರಿದ್ದಾರೆ. ಏಷ್ಯನ್ ಡೆವಲಪ್‌ಮೆಂಟ್ ಬ್ಯಾಂಕಿನ ಸಾಲದಲ್ಲಿ ಉಳ್ಳಾಲದ ಕಡಲೊಳಗೇ ದಿಬ್ಬ ಕಟ್ಟಿದರು. ಅದರ ಆಚೆಗೆ ಲಾರಿಗಟ್ಟಲೆ ಕಲ್ಲು ಸುರಿಯುವುದು ಈಗಲೂ ನಡೆದೇ ಇದೆ. ಆ ಅಕ್ಕನ ಮನೆ ಇದ್ದ ಜಾಗ ಯಾವುದೆಂದು ನಾನು ಗುರುತು ಹಿಡಿಯಲು ನೋಡಿದೆ. ಕಲ್ಲಿನ ರಾಶಿ, ಅದರಾಚೆ ನೀರು.

"ಇಲ್ಲಿ ಕೂತರೆ ಸನ್‌ಸೆಟ್ ಪೂರ್ತಿ ಸಿಗ್ತದೆ ಸಾರ್" ಎಂದು ಬ್ರೋಕರ್ ಗಿರಾಕಿಯ ಕಡೆಯವರಿಗೆ ಹೇಳುತ್ತಿದ್ದ.

ಗಿರಾಕಿಯ ಕಡೆಯವರು ಜಾಗ ತಿಳಿದವರು. ಹೈಟೈಡ್ ಲೈನಿನಿಂದ 500 ಮೀಟರಿನ ಒಳಗೆ ಬರುತ್ತದೆ, ಹಾಗಾಗಿ 1991ರಿಂದ ಇರುವ ಕರಾವಳಿ ನಿಯಂತ್ರಣ ವಲಯದ ಸಿಆರ್‌ಝಡ್ ಕಟ್ಟಳೆ ತಾಗುತ್ತದೆ, ಹೊಸ ಕಟ್ಟಡಕ್ಕೆ ಒಪ್ಪಿಗೆ ಬೇಕು, ರೇಟು ಇಳಿಸಬೇಕು ಎಂದರು. ಮನೆಯ ಬಗ್ಗೆ ಅವರಿಗೆ ಹೆಚ್ಚು ಆಸಕ್ತಿ ಇರಲಿಲ್ಲ. ಹಲಸಿನ ಬಾಗಿಲು, ಮುಚ್ಚಿಗೆಯ ಹಲಗೆ, ಕಂಬ ಇವಕ್ಕೆ ಕೇರಳದಲ್ಲಿ ಬೇರೆಯೇ ಗಿರಾಕಿ ಇದ್ದಾರಂತೆ. ಹಳೆಯ ಹಂಚಿಗೂ ರೆಸಾರ್ಟಿನವರು ಕೊಡುತ್ತಾರಂತೆ. ದೈವದ ಕೋಣೆಯ ಮುಂದೆ ಮಾತ್ರ ಎಲ್ಲರೂ ಚಪ್ಪಲಿ ಬಿಟ್ಟು ನಿಂತರು. ಪ್ರಶ್ನೆ ಇಡಿಸಿ, ಮಂಚ–ಕಡ್ತಲೆಯನ್ನು ಕುಟುಂಬದ ಮೂಲಸ್ಥಾನಕ್ಕೆ ಸೇರಿಸಿದ ಮೇಲೆಯೇ ರಿಜಿಸ್ಟ್ರೇಶನ್ ಎಂದು ಮಾವನ ಮಗ ಗಟ್ಟಿಯಾಗಿ ಹೇಳಿದ. ಒಂದು ಮೂಲೆಯಿಂದ ಇನ್ನೊಂದಕ್ಕೆ ಮರ್ಯಾದೆಯಿಂದ ಸಾಗಿಸಬೇಕಾದದ್ದು ಆ ಮನೆಯಲ್ಲಿ ಅದೊಂದೇ.

ಎಲೆ ಕೋಣೆಯ ಬಾಗಿಲು ತೆಗೆದಾಗ ಗಿರಾಕಿಯ ಕಡೆಯ ಹುಡುಗ ಎರಡು ಸಲ ಸೀನಿದ. ಇಪ್ಪತ್ತು ವರ್ಷವಾದರೂ ಗೋಡೆ ಬಿಟ್ಟುಕೊಟ್ಟಿರಲಿಲ್ಲ.

"ಎಂತ ಘಾಟು ಇದು?"

"ಹಳೆ ಮನೆ ಅಲ್ವಾ ಸಾರ್, ತಂಡಿ. ಒಂದು ಪೇಂಟ್ ಹೊಡೆಸಿದರೆ ಹೋಗ್ತದೆ" ಎಂದ ಬ್ರೋಕರ್. ನಾನೂ ಮಾವನ ಮಗನೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ.

ಅಟ್ಟ ಹತ್ತಬೇಕೆಂದಿದ್ದೆ. ಏಣಿಯ ಎರಡು ಮೆಟ್ಟಿಲು ಗೆದ್ದಲು ತಿಂದಿತ್ತು, ನನ್ನ ಮೊಣಕಾಲೂ ಒಪ್ಪಲಿಲ್ಲ. ಕೆಳಗಿನಿಂದಲೇ ತಲೆ ಎತ್ತಿ ನೋಡಿದೆ. ಕನ್ನಡಿ ಹಂಚಿಗೆ ಪಾಚಿ ಹಿಡಿದು ಹಸಿರು ಬೆಳಕು ಬೀಳುತ್ತಿತ್ತು. ದೊಡ್ಡಮ್ಮನ ಟ್ರಂಕು ಇದ್ದಲ್ಲಿ ನೀರಿನ ಮೋಟಾರು ಇಟ್ಟಿದ್ದಾರೆ.

ಕುಟುಂಬದ ಹದಿನೇಳು ಸಹಿಗಳಲ್ಲಿ ನನ್ನದೂ ಒಂದು. ನನ್ನ ಪಾಲು ಎಷ್ಟು ಬರುತ್ತದೆಂದು ಬಸ್ಸಿನಲ್ಲೇ ಲೆಕ್ಕ ಹಾಕಿದ್ದೆ. ಮಗಳ ಮನೆಸಾಲಕ್ಕೆ ಆಗುತ್ತದೆ. ಬೇಡ ಎನ್ನುವ ಧೈರ್ಯ ನನಗಿಲ್ಲ, ಇಷ್ಟೆಲ್ಲ ಬರೆದ ಮೇಲೂ ಇಲ್ಲ.

ಮಾತು ಮುಗಿದು ಕೈಮುಂಗಡ ಕೊಡುವ ಹೊತ್ತಾಯಿತು. ದೊಡ್ಡ ಮೊತ್ತ ನಗದಿನಲ್ಲಿ ಬೇಡ, ಇಪ್ಪತ್ತು ಸಾವಿರ ಮುಟ್ಟಿದರೆ ಕಾನೂನಿಗೆ ಆಗುವುದಿಲ್ಲ, ಉಳಿದದ್ದು ಚೆಕ್ಕಿನಲ್ಲಿ ಎಂದು ನಾನೇ ಹೇಳಿದ್ದೆ. ಶಾಸ್ತ್ರಕ್ಕೆಂದು ಹತ್ತು ಸಾವಿರ ತಂದಿದ್ದರು, ಐನೂರರ ನೋಟುಗಳು. ಬ್ಯಾಂಕಿನವಳು ಎಂದು ಮಾವನ ಮಗ ಅದನ್ನು ನನ್ನ ಕೈಗೆ ಕೊಟ್ಟ. ಚಾವಡಿಯಲ್ಲಿ ಅಜ್ಜನ ಮಣೆ ಇರುತ್ತಿದ್ದ ಜಾಗದಲ್ಲಿ ಒಂದು ಪ್ಲಾಸ್ಟಿಕ್ ಕುರ್ಚಿ ಹಾಕಿದ್ದರು. ಕೂತೆ. ನೋಟುಗಳನ್ನು ಎಡಗೈಯಲ್ಲಿ ಹಿಡಿದು ಬಲಗೈಯ ಹೆಬ್ಬೆರಳು ಓಡಿಸಿದೆ. ಇಪ್ಪತ್ತಕ್ಕೆ ಮುಗಿಯಿತು. ಹೆಬ್ಬೆರಳು ನಿಲ್ಲಲಿಲ್ಲ, ಇನ್ನೂ ಐದನ್ನು ಹುಡುಕಿಕೊಂಡು ಗಾಳಿಯಲ್ಲಿ ಒಂದು ಸಲ ಆಡಿತು.

ಬ್ರೋಕರ್ ಅದನ್ನೇ ನೋಡುತ್ತಿದ್ದ. "ಕಡಿಮೆ ಉಂಟಾ ಅಕ್ಕ?"

"ಇಲ್ಲ" ಎಂದೆ. "ಸರಿ ಉಂಟು."